ಗಿಟಾರ್ ಪೆಡಲ್‌ನ ಪುಟ್ಟ ದೀಪಕ್ಕೆ ಎಷ್ಟು ಓಮ್?

‘ಸರ್ಕ್ಯೂಟ್ ಸಿದ್ಧವಾಗಿದೆ, ಸದ್ದೂ ಸರಿಯಾಗಿ ಬರುತ್ತಿದೆ. ದೀಪಕ್ಕೆ ಯಾವ ರೆಸಿಸ್ಟರ್ ಹಾಕಲಿ?’ ಗಿಟಾರಿನ ಸದ್ದನ್ನು ಬದಲಿಸುವ, ಕಾಲಿನಿಂದ ಒತ್ತುವ ಡಬ್ಬಿಯೇ ಪೆಡಲ್; ಅದನ್ನು ಕಟ್ಟಲು ಹೊರಟವರು ತಿರುತಿರುಗಿ ಕೇಳುವ ಪ್ರಶ್ನೆ ಇದು. ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಕೇಳುತ್ತಾರೆ, ಮಂಡ್ಯದ ಕಡೆ ರಸಮಂಜರಿ ತಂಡಗಳಲ್ಲಿ ಗಿಟಾರ್ ನುಡಿಸುವವರೂ ಕೇಳುತ್ತಾರೆ. ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಸರ್ಕ್ಯೂಟಿನ ನಲವತ್ತು ಬಿಡಿಭಾಗಗಳನ್ನು ತಪ್ಪಿಲ್ಲದೆ ಜೋಡಿಸಿದವರು ಕೊನೆಯ ಈ ಒಂದು ರೆಸಿಸ್ಟರ್ ಮುಂದೆ ತಡವರಿಸುವುದಕ್ಕೆ ಕಾರಣವಿದೆ. ಎಷ್ಟೋ ನಕ್ಷೆಗಳಲ್ಲಿ ಅದರ ಬೆಲೆಯನ್ನೇ, ಅಂದರೆ ಅದು ಎಷ್ಟು ಓಮ್ ಎಂಬುದನ್ನೇ ಬರೆದಿರುವುದಿಲ್ಲ. ‘ಸಿಎಲ್‌ಆರ್’ ಎಂದು ಗುರುತು ಹಾಕಿ, ಮುಂದಿನದನ್ನು ನಿಮಗೆ ಬಿಟ್ಟಿರುತ್ತಾರೆ. ಕರೆಂಟನ್ನು ಮಿತಿಯಲ್ಲಿಡುವ ರೆಸಿಸ್ಟರ್ ಎಂಬುದಷ್ಟೇ ಆ ಮೂರಕ್ಷರದ ಅರ್ಥ.

ಅವಸರದಲ್ಲಿರುವವರಿಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. 9 ವೋಲ್ಟಿನ ಪೆಡಲ್, ಮಾಮೂಲಿ ಕೆಂಪು ಎಲ್‌ಇಡಿ ಆಗಿದ್ದರೆ 4.7 ಕಿಲೋ ಓಮ್ ಹಾಕಿ. ನೀಲಿ, ಬಿಳಿ ಅಥವಾ ಪ್ರಖರವಾದ ಹೊಸ ಬಗೆಯ ಹಸಿರಾದರೆ 10ರಿಂದ 22 ಕಿಲೋ ಓಮ್ ನಡುವೆ ಇರಲಿ. ಯಾವುದೇ ಆದರೂ ಕಾಲು ವ್ಯಾಟಿನದು ಸಾಕು. ಇಷ್ಟರಲ್ಲೇ ತೃಪ್ತಿಯಾದವರು ಬೆಸುಗೆ ಕಡ್ಡಿ ಬಿಸಿ ಮಾಡಿಕೊಳ್ಳಬಹುದು. ನಿಮ್ಮ ಕೈಯಲ್ಲಿರುವ ಎಲ್‌ಇಡಿಗೆ, ನಿಮ್ಮ ಕಣ್ಣಿಗೆ, ನೀವು ನುಡಿಸುವ ಜಾಗಕ್ಕೆ ಹೊಂದುವಂತೆ ಆರಿಸಬೇಕೆಂದಿದ್ದರೆ ಮುಂದೆ ಓದಿ.

ಎಲ್‌ಇಡಿಗೆ ರೆಸಿಸ್ಟರ್ ಏಕೆ ಬೇಕು ಎಂಬುದು ಮೊದಲು ಗೊತ್ತಿರಲಿ. ಎಲ್‌ಇಡಿ ಎಂದರೆ ಬೆಳಕು ಚೆಲ್ಲುವ ಡಯೋಡ್. ಡಯೋಡ್ ಒಂದೇ ದಿಕ್ಕಿನಲ್ಲಿ ವಿದ್ಯುತ್ತನ್ನು ಬಿಡುತ್ತದೆ. ತಂತಿಯ ಬಲ್ಬಿಗೆ ತನ್ನ ಕರೆಂಟನ್ನು ತಾನೇ ತಡೆದುಕೊಳ್ಳುವ ಗುಣವಿದೆ, ಎಲ್‌ಇಡಿಗೆ ಇಲ್ಲ. ತನಗೆ ಬೇಕಾದ ವೋಲ್ಟೇಜ್ ದಾಟಿದೊಡನೆ ಅದು ಸಿಕ್ಕಷ್ಟು ಕರೆಂಟನ್ನು ಎಳೆದುಕೊಳ್ಳುತ್ತದೆ. 2 ವೋಲ್ಟಿನ ಕೆಂಪು ಎಲ್‌ಇಡಿಯನ್ನು ನೇರವಾಗಿ 9 ವೋಲ್ಟಿಗೆ ಕೊಟ್ಟರೆ ಒಮ್ಮೆ ಮಿಂಚಿ ಸತ್ತೇಹೋಗುತ್ತದೆ. ಮಿಕ್ಕ 7 ವೋಲ್ಟನ್ನು ತನ್ನ ಮೇಲೆ ಹಾಕಿಕೊಂಡು ಹರಿವಿಗೆ ಕಡಿವಾಣ ಹಾಕುವುದೇ ರೆಸಿಸ್ಟರಿನ ಕೆಲಸ.

ಗೊಂದಲ ಹುಟ್ಟುವುದು ಇಲ್ಲಿಂದ ಮುಂದೆ. ಪಠ್ಯಪುಸ್ತಕದ ಉದಾಹರಣೆಗಳಲ್ಲಿ ಎಲ್‌ಇಡಿಗೆ 20 ಮಿಲಿ ಆಂಪಿಯರ್ ಎಂದು ಹಿಡಿದು ಲೆಕ್ಕ ಮಾಡಿಸುತ್ತಾರೆ. 9 ವೋಲ್ಟಿಗೆ 330 ಅಥವಾ 470 ಓಮ್ ಎಂಬ ಉತ್ತರ ಬರುತ್ತದೆ. ಲೆಕ್ಕ ತಪ್ಪಲ್ಲ. ಆದರೆ 20 ಮಿಲಿ ಆಂಪಿಯರ್ ಎನ್ನುವುದು ಸಾಮಾನ್ಯ 5 ಮಿಲಿಮೀಟರ್ ಎಲ್‌ಇಡಿ ಸತತವಾಗಿ ತಾಳಿಕೊಳ್ಳುವ ಮೇಲಿನ ಮಿತಿ. ಅಷ್ಟು ಕೊಡಲೇಬೇಕೆಂದು ಯಾರೂ ಹೇಳಿಲ್ಲ. ಪೆಡಲ್ ಆನ್ ಆಗಿದೆಯೇ ಇಲ್ಲವೇ ಎಂದು ತಿಳಿಸುವ ದೀಪಕ್ಕೆ ಅದರ ಹತ್ತನೇ ಒಂದು ಪಾಲು ಧಾರಾಳ.

ಬೇಕಾಗುವ ಸಾಮಾನು

ಒಂದು ಮಲ್ಟಿಮೀಟರ್, ಸಾಧಾರಣದ್ದೇ ಸಾಕು. ಒಂದು ಬ್ರೆಡ್‌ಬೋರ್ಡ್, ಅಂದರೆ ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಪರೀಕ್ಷಿಸುವ ತೂತಿನ ಹಲಗೆ. ಅದಿಲ್ಲದಿದ್ದರೆ ನಾಲ್ಕು ಕ್ರೊಕೊಡೈಲ್ ಕ್ಲಿಪ್ ತಂತಿ. 9 ವೋಲ್ಟ್ ಬ್ಯಾಟರಿ ಮತ್ತು ಅದರ ಕ್ಯಾಪ್. 47 ಕಿಲೋ ಓಮಿನ ಒಂದು ಪೊಟೆನ್ಶಿಯೋಮೀಟರ್, ಅಂದರೆ ಗುಂಡಿ ತಿರುಗಿಸಿ ಓಮ್ ಬದಲಿಸಬಹುದಾದ ರೆಸಿಸ್ಟರ್. ರೇಡಿಯೋ ರಿಪೇರಿ ಅಂಗಡಿಯಲ್ಲಿ ‘ವಾಲ್ಯೂಮ್ ಕಂಟ್ರೋಲ್’ ಎಂದರೂ ಇದನ್ನೇ ಕೊಡುತ್ತಾರೆ. ಜೊತೆಗೆ 1 ಕಿಲೋ ಓಮ್‌ನ ಒಂದು ರೆಸಿಸ್ಟರ್, 2.2, 4.7, 10 ಮತ್ತು 22 ಕಿಲೋ ಓಮ್‌ನವು ತಲಾ ಐದಾರು.

ರೆಸಿಸ್ಟರ್, ಎಲ್‌ಇಡಿಗಳಿಗಾಗಿ ಬೆಂಗಳೂರಿಗೆ ಓಡಬೇಕಿಲ್ಲ, ನಮ್ಮೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲೇ ಸಿಗುತ್ತವೆ. ಕಾಲಿನಿಂದ ಒತ್ತುವ ಒಂಬತ್ತು ಕಾಲಿನ ಸ್ವಿಚ್ ಮಾತ್ರ ಎಲ್ಲ ಕಡೆ ಇಡುವ ಸರಕಲ್ಲ; ಅದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆ ಅಥವಾ ಆನ್‌ಲೈನ್ ಅಂಗಡಿಯೇ ಗತಿ. ರೆಸಿಸ್ಟರ್ ಕೊಳ್ಳುವಾಗ ‘ಕ್ವಾರ್ಟರ್ ವ್ಯಾಟ್’ ಎಂದು ಕೇಳಿ. ಏನೂ ಹೇಳದಿದ್ದರೆ ಕೆಲವರು ಅರ್ಧ ವ್ಯಾಟಿನದನ್ನು ಕೊಡುತ್ತಾರೆ. ವಿದ್ಯುತ್ತಿನ ದೃಷ್ಟಿಯಿಂದ ತೊಂದರೆಯೇನಿಲ್ಲ, ಆದರೆ ಗಾತ್ರದಲ್ಲಿ ದಪ್ಪ. ಪೆಡಲ್ ಬೋರ್ಡಿನ ಇಕ್ಕಟ್ಟಿನಲ್ಲಿ ಕೂರುವುದಿಲ್ಲ.

ಹಂತ 1: ಪೆಡಲ್‌ಗೆ ನಿಜವಾಗಿ ಎಷ್ಟು ವೋಲ್ಟ್ ಬರುತ್ತಿದೆ, ನೋಡಿ

ಅಡಾಪ್ಟರಿನ ಮೇಲೆ 9 ವೋಲ್ಟ್ ಎಂದು ಬರೆದಿದೆ ಎಂದ ಮಾತ್ರಕ್ಕೆ 9 ವೋಲ್ಟ್ ಬರುತ್ತದೆ ಎಂದುಕೊಳ್ಳಬೇಡಿ. ಒಳಗೆ ಬರೀ ಟ್ರಾನ್ಸ್‌ಫಾರ್ಮರ್, ಡಯೋಡ್, ಕೆಪಾಸಿಟರ್ ಇರುವ ಹಳೆಯ ತೂಕದ ಅಡಾಪ್ಟರುಗಳು ಹೊರೆಯಿಲ್ಲದಾಗ 12, 13 ವೋಲ್ಟ್ ತೋರಿಸುವುದು ಮಾಮೂಲು. ಪೆಡಲ್ ಎಳೆಯುವುದು ಕೆಲವೇ ಮಿಲಿ ಆಂಪಿಯರ್ ಆದ್ದರಿಂದ ಅದನ್ನು ಜೋಡಿಸಿದ ಮೇಲೂ ವೋಲ್ಟೇಜ್ ಹೆಚ್ಚೇನೂ ಇಳಿಯುವುದಿಲ್ಲ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ ಅಳೆಯಿರಿ. ಹೊಸ 9 ವೋಲ್ಟ್ ಬ್ಯಾಟರಿ ಕೂಡ 9.3, 9.5 ತೋರಿಸಬಹುದು, ಆ ಮಟ್ಟದ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಅಳೆಯುವಾಗ ಇನ್ನೊಂದನ್ನೂ ಗಮನಿಸಿ. ಮೀಟರಿನ ಕೆಂಪು ಕಡ್ಡಿಯನ್ನು ಅಡಾಪ್ಟರ್ ಪಿನ್ನಿನ ನಡುವಿನ ತೂತಿಗೂ ಕಪ್ಪು ಕಡ್ಡಿಯನ್ನು ಹೊರಗಿನ ಲೋಹಕ್ಕೂ ತಾಗಿಸಿದಾಗ ಅಂಕಿಯ ಮುಂದೆ ಮೈನಸ್ ಗುರುತು ಕಾಣಿಸಬೇಕು. ಗಿಟಾರ್ ಪೆಡಲ್‌ಗಳಲ್ಲಿ ನಡುವಿನದು ಮೈನಸ್, ಹೊರಗಿನದು ಪ್ಲಸ್. ಬಹುತೇಕ ತಯಾರಕರು ಪಾಲಿಸುವ ಪದ್ಧತಿ ಇದು. ಪೇಟೆಯಲ್ಲಿ ಸಿಗುವ ಸಾಮಾನ್ಯ ಅಡಾಪ್ಟರುಗಳಲ್ಲಿ ಹೆಚ್ಚಿನವು ಇದಕ್ಕೆ ತದ್ವಿರುದ್ಧ. ತಿರುಗುಮುರುಗಾದ ಅಡಾಪ್ಟರಿನಿಂದ ದೀಪ ಹತ್ತದಿರುವುದು ಚಿಕ್ಕ ತೊಂದರೆ. ರಕ್ಷಣೆಯ ಡಯೋಡ್ ಇಲ್ಲದ ಪೆಡಲ್ ಆದರೆ ಒಳಗಿನ ಐಸಿ, ಕೆಪಾಸಿಟರುಗಳೇ ಹೋಗುತ್ತವೆ.

ಹಂತ 2: ನಿಮ್ಮ ಎಲ್‌ಇಡಿಯನ್ನು ಗುರುತಿಸಿಕೊಳ್ಳಿ

ಉದ್ದ ಕಾಲು ಪ್ಲಸ್, ಅಂದರೆ ಆನೋಡ್. ಗಿಡ್ಡ ಕಾಲು ಮೈನಸ್, ಅಂದರೆ ಕ್ಯಾಥೋಡ್. ಕಾಲುಗಳನ್ನು ಆಗಲೇ ಕತ್ತರಿಸಿದ್ದರೆ ಬುಡದ ಅಂಚನ್ನು ಬೆರಳಿನಿಂದ ಸವರಿ ನೋಡಿ. ದುಂಡಗಿನ ಅಂಚು ಒಂದು ಕಡೆ ಚಪ್ಪಟೆಯಾಗಿರುತ್ತದೆ. ಆ ಕಡೆಯದು ಕ್ಯಾಥೋಡ್.

ಇನ್ನು ಎಲ್‌ಇಡಿ ಉರಿಯುವಾಗ ತನ್ನ ಮೇಲೆ ಉಳಿಸಿಕೊಳ್ಳುವ ವೋಲ್ಟೇಜ್. ಇದಕ್ಕೆ ಫಾರ್ವರ್ಡ್ ವೋಲ್ಟೇಜ್ ಎನ್ನುತ್ತಾರೆ. ಇದು ಮುಖ್ಯವಾಗಿ ಬಣ್ಣವನ್ನು ಅವಲಂಬಿಸಿದೆ. ಕೆಂಪು 1.8ರಿಂದ 2 ವೋಲ್ಟ್, ಹಳದಿ 2ರ ಆಸುಪಾಸು, ನೀಲಿ ಮತ್ತು ಬಿಳಿ 3ರ ಆಸುಪಾಸು. ಹಸಿರಿನಲ್ಲಿ ಎರಡು ಜಾತಿ. ಹಳದಿ ಛಾಯೆಯ ಹಳೆಯ ಹಸಿರಿಗೆ 2.1 ವೋಲ್ಟ್ ಸಾಕು. ಟ್ರಾಫಿಕ್ ಸಿಗ್ನಲ್ಲಿನಲ್ಲಿ ಕಾಣುವಂಥ, ಕೊಂಚ ನೀಲಿಗೆ ತಿರುಗಿದ ಹೊಸ ಹಸಿರು ನೀಲಿಯ ಬಳಗದ್ದು, ಅದಕ್ಕೂ 3 ವೋಲ್ಟ್ ಬೇಕು. ‘ಹಸಿರಿಗೆ ಎಷ್ಟು?’ ಎಂದು ಕೇಳಿದಾಗ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುವುದು ಈ ಕಾರಣಕ್ಕೇ.

ಮಲ್ಟಿಮೀಟರಿನ ಡಯೋಡ್ ಗುರುತಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಉದ್ದ ಕಾಲಿಗೂ ಕಪ್ಪನ್ನು ಗಿಡ್ಡ ಕಾಲಿಗೂ ಹಿಡಿದರೆ ಎಲ್‌ಇಡಿ ಮಂದವಾಗಿ ಹತ್ತುತ್ತದೆ, ವೋಲ್ಟೇಜೂ ಕಾಣುತ್ತದೆ. ಕೆಲವು ಮೀಟರುಗಳು ಈ ಪರೀಕ್ಷೆಗೆ 3 ವೋಲ್ಟ್‌ಗಿಂತ ಕಡಿಮೆ ಹೊರಹಾಕುತ್ತವೆ. ಅಂಥದರಲ್ಲಿ ನೀಲಿ, ಬಿಳಿ ಎಲ್‌ಇಡಿ ಹತ್ತದಿದ್ದರೆ ಕೆಟ್ಟಿದೆಯೆಂದು ಬಿಸಾಡಬೇಡಿ.

ಮೂರನೆಯದಾಗಿ ನೋಡಬೇಕಾದದ್ದು ಗಾಜಿನಂಥ ಅದರ ತಲೆ. ಲೆಕ್ಕದಲ್ಲಿ ಎಲ್ಲೂ ಬಾರದಿದ್ದರೂ ಕಣ್ಣಿಗೆ ಎಲ್ಲಕ್ಕಿಂತ ಹೆಚ್ಚು ತಾಗುವುದು ಇದೇ. ತಲೆ ನೀರಿನಂತೆ ಪಾರದರ್ಶಕವಾಗಿದ್ದರೆ ಬೆಳಕು ಕಿರಿದಾದ ಕೋನದಲ್ಲಿ ನೇರ ಮೇಲಕ್ಕೆ ಚಿಮ್ಮುತ್ತದೆ. ಪೆಡಲ್ ನೆಲದ ಮೇಲಿರುತ್ತದೆ, ನೀವು ಅದರ ಮೇಲೆ ಬಗ್ಗಿ ನೋಡುತ್ತೀರಿ; ಆ ಕಿರಣ ಸೀದಾ ಕಣ್ಣಿಗೇ ಬೀಳುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರೆ ದೀಪ ಹತ್ತಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಮಬ್ಬಾದ, ಬಣ್ಣ ಬೆರೆತ ತಲೆಯದಾದರೆ ಬೆಳಕು ಸುತ್ತಲೂ ಹರಡುತ್ತದೆ. ಅಂಗಡಿಯಲ್ಲಿ ‘ಡಿಫ್ಯೂಸ್ಡ್’ ಎಂದು ಕೇಳಿ. ಪೆಡಲ್‌ಗೆ ನನ್ನ ಮತ ಯಾವಾಗಲೂ ಇದಕ್ಕೇ. ಪಾರದರ್ಶಕವಾದದ್ದನ್ನು ಈಗಾಗಲೇ ತಂದಿದ್ದರೆ ಅದರ ತಲೆಯನ್ನು ನಯವಾದ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ ಮಬ್ಬು ಮಾಡಿಕೊಳ್ಳಬಹುದು.

ಹಂತ 3: ಎಷ್ಟು ಕರೆಂಟ್ ಎಂದು ತೀರ್ಮಾನಿಸಿ

ಹಳೆಯ ಬಗೆಯ ಕೆಂಪು, ಹಳದಿ, ಹಸಿರಿಗೆ 1ರಿಂದ 2 ಮಿಲಿ ಆಂಪಿಯರ್. ‘ಸೂಪರ್ ಬ್ರೈಟ್’ ಎಂದು ಮಾರುವ ಯಾವ ಬಣ್ಣಕ್ಕಾದರೂ, ನೀಲಿ ಮತ್ತು ಬಿಳಿಗಂತೂ, 0.3ರಿಂದ 0.6 ಸಾಕು. ಇಲ್ಲಿಂದ ಲೆಕ್ಕ ಶುರು ಮಾಡಿ.

ಇಷ್ಟು ಜಿಪುಣತನ ಏಕೆ ಎನ್ನುವವರಿಗೆ ಬ್ಯಾಟರಿಯ ಲೆಕ್ಕ ಹೇಳುತ್ತೇನೆ. ಒಳ್ಳೆಯ ಆಲ್ಕಲೈನ್ 9 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿ ಆಂಪಿಯರ್ ಗಂಟೆಗಳಷ್ಟು ಸತ್ವ ಇರುತ್ತದೆ. ಎರಡು ಟ್ರಾನ್ಸಿಸ್ಟರಿನ ಫಜ್ ಪೆಡಲ್ (ಇದೂ ಸದ್ದನ್ನು ಒರಟಾಗಿಸುವ ಬಗೆಯದೇ) ಎಳೆಯುವುದು ಹೆಚ್ಚೆಂದರೆ 1 ಮಿಲಿ ಆಂಪಿಯರ್ ಎಂದಿಟ್ಟುಕೊಳ್ಳಿ. ಅದರ ಕೆಂಪು ದೀಪಕ್ಕೆ 4.7 ಕಿಲೋ ಓಮ್ ಹಾಕಿದರೆ ಒಟ್ಟು 2.5; ಬ್ಯಾಟರಿ 200 ಗಂಟೆ ಬಾಳುತ್ತದೆ. ಪಠ್ಯಪುಸ್ತಕದ 470 ಓಮ್ ಹಾಕಿದಿರೋ, ದೀಪವೊಂದೇ 15 ನುಂಗುತ್ತದೆ, ಬ್ಯಾಟರಿ 30 ಗಂಟೆಯ ಆಸುಪಾಸಿನಲ್ಲೇ ಮುಗಿಯುತ್ತದೆ. ಸದ್ದು ಮಾಡುವ ಸರ್ಕ್ಯೂಟಿಗಿಂತ ಹದಿನೈದು ಪಟ್ಟು ಹೆಚ್ಚು ತಿನ್ನುವ ದೀಪ ಯಾರಿಗೆ ಬೇಕು? ಕಿರಾಣಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕಾರ್ಬನ್ ಝಿಂಕ್ ಬ್ಯಾಟರಿಯಾದರೆ ಸತ್ವ ಇನ್ನೂ ಕಡಿಮೆ.

ಅಡಾಪ್ಟರಿನಲ್ಲಿ ನುಡಿಸುವವರಿಗೆ ಈ ಚಿಂತೆಯಿಲ್ಲ. ಆದರೂ ಕರೆಂಟ್ ಕಡಿಮೆ ಇದ್ದಷ್ಟೂ ಒಳ್ಳೆಯದು, ಕಾರಣ 7ನೇ ಹಂತದಲ್ಲಿ ಬರುತ್ತದೆ.

ಹಂತ 4: ಲೆಕ್ಕ

ಪೂರೈಕೆಯ ವೋಲ್ಟೇಜಿನಿಂದ ಎಲ್‌ಇಡಿಯ ಫಾರ್ವರ್ಡ್ ವೋಲ್ಟೇಜ್ ಕಳೆಯಿರಿ. ಬಂದದ್ದನ್ನು ಬೇಕಾದ ಕರೆಂಟಿನಿಂದ ಭಾಗಿಸಿ. ಕರೆಂಟನ್ನು ಮಿಲಿ ಆಂಪಿಯರಿನಲ್ಲೇ ಇಟ್ಟುಕೊಂಡರೆ ಉತ್ತರ ಕಿಲೋ ಓಮಿನಲ್ಲೇ ಬರುತ್ತದೆ, ಸೊನ್ನೆಗಳ ರಗಳೆ ಇರುವುದಿಲ್ಲ.

ಕೆಂಪು: 9 − 2 = 7. 7 ÷ 1.5 = 4.67. ಪೇಟೆಯಲ್ಲಿ ಸಿಗುವುದು 4.7 ಕಿಲೋ ಓಮ್.

ನೀಲಿ: 9 − 3 = 6. 6 ÷ 0.5 = 12. 12 ಕಿಲೋ ಓಮ್ ಸಿಗುತ್ತದೆ, ಸಿಗದಿದ್ದರೆ 10 ಹಾಕಿ.

ರೆಸಿಸ್ಟರುಗಳು ಮನಸ್ಸಿಗೆ ಬಂದ ಬೆಲೆಯಲ್ಲಿ ತಯಾರಾಗುವುದಿಲ್ಲ. 10, 12, 15, 18, 22, 27, 33, 39, 47, 56, 68, 82 ಎಂಬ ಹನ್ನೆರಡು ಅಂಕಿಗಳ ಸರಣಿಯೇ ಹತ್ತರ ಗುಣಕಗಳಲ್ಲಿ ಮರುಕಳಿಸುತ್ತದೆ. ಉತ್ತರ ಎರಡು ಬೆಲೆಗಳ ನಡುವೆ ಬಂದರೆ ಹತ್ತಿರದ್ದನ್ನು ತೆಗೆದುಕೊಳ್ಳಿ, ಸರಿಸುಮಾರು ಮಧ್ಯದಲ್ಲಿದ್ದರೆ ದೊಡ್ಡದನ್ನು. ಕರೆಂಟಿನಲ್ಲಿ ಇಪ್ಪತ್ತು ಶೇಕಡಾ ಏರುಪೇರಾದರೂ ಕಣ್ಣಿಗೆ ಬೆಳಕಿನ ವ್ಯತ್ಯಾಸ ತಿಳಿಯುವುದೇ ಕಷ್ಟ. ಹಾಗಾಗಿ ದಶಾಂಶದ ಮೂರನೇ ಸ್ಥಾನದವರೆಗೆ ಲೆಕ್ಕ ಮಾಡಿಕೊಂಡು ಕೂರುವುದು ವ್ಯರ್ಥ.

18 ವೋಲ್ಟಿನಲ್ಲಿ ನಡೆಯುವ ಪೆಡಲ್ ಆಗಿದ್ದರೆ ವ್ಯಾಟ್ ಕಡೆಗೂ ಒಂದು ಕಣ್ಣಿರಲಿ. 9 ವೋಲ್ಟಿನಲ್ಲಿ ತಣ್ಣಗಿದ್ದ 1 ಕಿಲೋ ಓಮ್ ರೆಸಿಸ್ಟರ್ 18 ವೋಲ್ಟಿನಲ್ಲಿ 16 ಮಿಲಿ ಆಂಪಿಯರ್ ಹರಿಸುತ್ತದೆ, ಅದರ ಮೇಲೆ 16 ವೋಲ್ಟ್ ಬೀಳುತ್ತದೆ. ಎರಡನ್ನೂ ಗುಣಿಸಿದರೆ 256 ಮಿಲಿ ವ್ಯಾಟ್. ಕಾಲು ವ್ಯಾಟ್ ಎಂದರೆ 250. ಕೈ ಸುಡುತ್ತದೆ. ಅದೇ ಜಾಗದಲ್ಲಿ 10 ಕಿಲೋ ಓಮ್ ಇದ್ದರೆ 26 ಮಿಲಿ ವ್ಯಾಟ್ ಕೂಡ ಆಗುವುದಿಲ್ಲ.

ಹಂತ 5: ಕಣ್ಣಿನ ತೀರ್ಪು

ಲೆಕ್ಕ ನಿಮ್ಮನ್ನು ಬಾಗಿಲವರೆಗೆ ಕರೆತರುತ್ತದೆ, ಅಷ್ಟೆ. ಒಂದೇ ಬಣ್ಣದ, ಒಂದೇ ಗಾತ್ರದ ಎರಡು ಎಲ್‌ಇಡಿಗಳು ಒಂದೇ ಕರೆಂಟಿನಲ್ಲಿ ಹತ್ತಾರು ಪಟ್ಟು ಬೇರೆ ಬೇರೆ ಪ್ರಖರತೆಯಲ್ಲಿ ಉರಿಯಬಹುದು. ಅಂಗಡಿಯ ಡಬ್ಬಿಯಿಂದ ಹೆಸರಿಲ್ಲದೆ ಬಂದ ಎಲ್‌ಇಡಿಗೆ ತಯಾರಕರ ಮಾಹಿತಿ ಪತ್ರ ಎಲ್ಲಿ ಸಿಗಬೇಕು? ಹಾಗಾಗಿ ಈ ಹಂತವನ್ನು ಬಿಡಬೇಡಿ.

ಬ್ಯಾಟರಿಯ ಪ್ಲಸ್‌ನಿಂದ 1 ಕಿಲೋ ಓಮ್ ರೆಸಿಸ್ಟರ್, ಅಲ್ಲಿಂದ ಪೊಟೆನ್ಶಿಯೋಮೀಟರಿನ ನಡುವಿನ ಕಾಲು, ಅದರ ಪಕ್ಕದ ಒಂದು ಕಾಲಿನಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲಿನಿಂದ ಬ್ಯಾಟರಿಯ ಮೈನಸ್. ಎಲ್ಲವೂ ಒಂದರ ಹಿಂದೆ ಒಂದು, ಸರಣಿಯಲ್ಲಿ. ಪೊಟೆನ್ಶಿಯೋಮೀಟರಿನ ಮೂರನೇ ಕಾಲು ಖಾಲಿ. 1 ಕಿಲೋ ಓಮ್ ಇಲ್ಲಿ ಕಾವಲುಗಾರ: ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಪೊಟೆನ್ಶಿಯೋಮೀಟರ್ ಸೊನ್ನೆಗೆ ಬಂದರೂ ಕೆಂಪು ಎಲ್‌ಇಡಿಗೆ 7 ಮಿಲಿ ಆಂಪಿಯರ್‌ಗಿಂತ ಹೆಚ್ಚು ಹೋಗಲು ಅದು ಬಿಡುವುದಿಲ್ಲ.

ಈಗ ಎಲ್‌ಇಡಿಯನ್ನು ನೆಲದ ಮೇಲಿಡಿ. ಮೇಜಿನ ಮೇಲಲ್ಲ, ನೆಲದ ಮೇಲೆ. ಗಿಟಾರ್ ಹೆಗಲಿಗೇರಿಸಿದಾಗ ನಿಲ್ಲುವಂತೆ ನಿಂತು ನೋಡಿ. ಗುಂಡಿಯನ್ನು ಅತಿ ಮಂದದಿಂದ ಶುರು ಮಾಡಿ ನಿಧಾನವಾಗಿ ಏರಿಸಿ. ಮೊದಲ ಅರ್ಧ ಸುತ್ತಿನಲ್ಲಿ ಬೆಳಕು ಅಷ್ಟಾಗಿ ಬದಲಾಗದು. ಕೊನೆಯ ಕಾಲು ಭಾಗದಲ್ಲಿ ರಪ್ಪನೆ ಏರುತ್ತದೆ. ‘ಆನ್ ಆಗಿದೆ’ ಎಂದು ಅನುಮಾನವಿಲ್ಲದೆ ತಿಳಿಯುವ, ಆದರೆ ದೃಷ್ಟಿ ಬೇರೆಡೆ ಹೊರಳಿಸಿದಾಗ ಕಣ್ಣೊಳಗೆ ಚುಕ್ಕೆ ಉಳಿಯದ ಜಾಗದಲ್ಲಿ ನಿಲ್ಲಿಸಿ. ಕೋಣೆಯ ದೀಪ ಆರಿಸಿ ಇನ್ನೊಮ್ಮೆ ನೋಡಿ. ಹಗಲಿನಲ್ಲಿ ಹಿತವಾಗಿದ್ದದ್ದು ಕತ್ತಲೆಯಲ್ಲಿ ಗುಂಡಿಗಳ ಮೇಲಿನ ಅಕ್ಷರಗಳನ್ನೇ ಓದಲು ಬಿಡದಿರಬಹುದು.

ಜಾಗ ಸಿಕ್ಕಿದ ಮೇಲೆ ಗುಂಡಿ ಮುಟ್ಟದೆ ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು 1 ಕಿಲೋ ಓಮ್ ರೆಸಿಸ್ಟರಿನ ಎರಡು ತುದಿಗಳ ನಡುವೆ ಅಳೆಯಿರಿ. ಅಲ್ಲಿ ಎಷ್ಟು ವೋಲ್ಟ್ ಇದೆಯೋ ಅಷ್ಟೇ ಮಿಲಿ ಆಂಪಿಯರ್ ಹರಿಯುತ್ತಿದೆ ಎಂದರ್ಥ. 0.62 ವೋಲ್ಟ್ ತೋರಿಸಿತು ಎನ್ನೋಣ; ಕರೆಂಟ್ 0.62 ಮಿಲಿ ಆಂಪಿಯರ್. ಎಲ್‌ಇಡಿಯ ಎರಡು ಕಾಲುಗಳ ನಡುವೆ ಅಳೆದಾಗ 2.8, ಬ್ಯಾಟರಿಯಲ್ಲಿ 9.3. ಮೊದಲಿನ ಸೂತ್ರಕ್ಕೇ ಹಾಕಿ: 9.3 − 2.8 = 6.5, 6.5 ÷ 0.62 = 10.5. ನಿಮ್ಮ ರೆಸಿಸ್ಟರ್ 10 ಕಿಲೋ ಓಮ್.

ಹಲವರು ಇಲ್ಲಿ ಮೀಟರನ್ನು ಓಮಿಗೆ ತಿರುಗಿಸಿ, ಬ್ಯಾಟರಿ ಕೂಡಿರುವಾಗಲೇ ಪೊಟೆನ್ಶಿಯೋಮೀಟರನ್ನು ಅಳೆಯಲು ಹೋಗುತ್ತಾರೆ. ಬರುವ ಅಂಕಿ ಸುಳ್ಳು. ಓಮ್ ಅಳೆಯಲೇಬೇಕಿದ್ದರೆ ಬ್ಯಾಟರಿ ಕಳಚಿ, ಎಲ್‌ಇಡಿಯ ಕಾಲನ್ನೂ ಬಿಡಿಸಿ, ಆಮೇಲೆ ಅಳೆಯಿರಿ. ಅದಕ್ಕೆ 1 ಕಿಲೋ ಓಮ್ ಸೇರಿಸಲು ಮರೆಯಬೇಡಿ.

ಬಯಲಿನಲ್ಲಿ ನುಡಿಸುವವರಿಗೆ ಒಂದು ಮಾತು. ದಸರಾ ಹೊತ್ತಿಗೆ ಯುವ ಸಂಭ್ರಮ ನಡೆಯುವ ಮಾನಸಗಂಗೋತ್ರಿಯ ಬಯಲು ರಂಗಮಂದಿರದಂಥ ಜಾಗದಲ್ಲಿ ಧ್ವನಿ ಪರೀಕ್ಷೆಗೆ ನಿಲ್ಲುವುದು ಬಿಸಿಲಿರುವಾಗ, ನುಡಿಸುವುದು ಕತ್ತಲಾದ ಮೇಲೆ. ಬಿಸಿಲಿಗೆಂದು ರೆಸಿಸ್ಟರ್ ಕಡಿಮೆ ಮಾಡಿದರೆ ರಾತ್ರಿ ಕಣ್ಣು ಕುಕ್ಕುತ್ತದೆ. ಇದಕ್ಕೆ ರೆಸಿಸ್ಟರಿನಲ್ಲಿ ಪರಿಹಾರ ಹುಡುಕಬೇಡಿ. ಎಲ್‌ಇಡಿಯನ್ನು ಲೋಹದ ಹೋಲ್ಡರಿನಲ್ಲಿ ಎರಡು ಮೂರು ಮಿಲಿಮೀಟರ್ ಒಳಗೆ ತಗ್ಗಿಸಿ ಕೂರಿಸಿ. ಅದರ ತಲೆಗೆ ನೇರ ಬಿಸಿಲು ಬೀಳದಿದ್ದರೆ ಅದೇ 4.7 ಕಿಲೋ ಓಮಿನಲ್ಲಿ ಹಗಲೂ ಕಾಣುತ್ತದೆ. ಗಣೇಶನ ಪೆಂಡಾಲ್ ಮುಂದಿನ ರಸಮಂಜರಿಯಲ್ಲಿ ಈ ಸಮಸ್ಯೆಯೇ ಇಲ್ಲ, ಅಲ್ಲಿ ವೇದಿಕೆಯ ಝಗಮಗದ ಎದುರು ಪೆಡಲ್ ದೀಪವನ್ನು ಯಾರೂ ನೋಡುವುದಿಲ್ಲ!

ಹಂತ 6: ಪಟ್ಟಿ ಓದಿ, ಅಳೆದು, ಬೆಸೆಯಿರಿ

ಕಂದುಬಿಳುಪಿನ ಮೈಯ ಕಾರ್ಬನ್ ರೆಸಿಸ್ಟರಿಗೆ ನಾಲ್ಕು ಪಟ್ಟಿ. 4.7 ಕಿಲೋ ಓಮ್: ಹಳದಿ, ನೇರಳೆ, ಕೆಂಪು, ಚಿನ್ನ. 10 ಕಿಲೋ ಓಮ್: ಕಂದು, ಕಪ್ಪು, ಕಿತ್ತಳೆ, ಚಿನ್ನ. 22 ಕಿಲೋ ಓಮ್: ಕೆಂಪು, ಕೆಂಪು, ಕಿತ್ತಳೆ, ಚಿನ್ನ. ನೀಲಿ ಮೈಯ ಮೆಟಲ್ ಫಿಲ್ಮ್ ರೆಸಿಸ್ಟರಿಗೆ ಐದು ಪಟ್ಟಿ, ಅದರಲ್ಲಿ 4.7 ಕಿಲೋ ಓಮ್ ಎಂದರೆ ಹಳದಿ, ನೇರಳೆ, ಕಪ್ಪು, ಕಂದು, ಕಂದು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಆ ನೀಲಿಯ ಮೇಲಿನ ಕಂದು, ಕೆಂಪು, ಕಿತ್ತಳೆಗಳನ್ನು ಬೇರ್ಪಡಿಸಿ ನೋಡುವುದು ಯಾರಿಗೂ ಸುಲಭವಲ್ಲ. ನಾಲ್ಕು ಪಟ್ಟಿಯದರಲ್ಲೂ ಮೂರನೇ ಪಟ್ಟಿಯಲ್ಲಿ ಕೆಂಪಿನ ಬದಲು ಕಂದು ಬಂದರೆ 4.7 ಕಿಲೋ ಓಮ್ ಹೋಗಿ 470 ಓಮ್ ಆಗಿಬಿಡುತ್ತದೆ. ಪಟ್ಟಿ ಓದಿದರೂ ಬೆಸೆಯುವ ಮೊದಲು ಮೀಟರಿನಲ್ಲಿ ಅಳೆಯಿರಿ.

ರೆಸಿಸ್ಟರನ್ನು ಎಲ್‌ಇಡಿಯ ಯಾವ ಕಾಲಿಗೆ ಹಾಕಬೇಕು? ಯಾವುದಕ್ಕಾದರೂ ಸರಿ. ಸರಣಿಯಲ್ಲಿ ಕರೆಂಟ್ ಎಲ್ಲೆಡೆ ಒಂದೇ. ಎಲ್‌ಇಡಿಗಿಂತ ಮುಂಚೆ ಹಾಕಿದರೆ ಮಾತ್ರ ಕರೆಂಟಿಗೆ ತಡೆ ಎಂದು ವಾದಿಸುವವರು ಸಿಗುತ್ತಾರೆ, ಮೀಟರ್ ಕೈಗೆ ಕೊಟ್ಟು ಅಳೆಯಲು ಹೇಳಿ.

ಎಲ್‌ಇಡಿಯ ಕಾಲನ್ನು ಬುಡದಲ್ಲೇ ಮಡಚಬೇಡಿ, ಒಳಗಿನ ಕೂದಲೆಳೆಯಂಥ ತಂತಿ ಕಳಚಿಕೊಳ್ಳುತ್ತದೆ. ಬುಡದಿಂದ ಮೂರು ಮಿಲಿಮೀಟರ್ ಬಿಟ್ಟು, ಇಕ್ಕಳದಲ್ಲಿ ಹಿಡಿದು ಮಡಚಿ. ಬೆಸುಗೆ ಕಡ್ಡಿ ಮೂರು ಸೆಕೆಂಡಿಗಿಂತ ಹೆಚ್ಚು ಕಾಲಿನ ಮೇಲೆ ಇರಬಾರದು. ಬರಿಯ ಕಾಲುಗಳ ಮೇಲೆ ಸ್ಲೀವ್, ಅಂದರೆ ತಂತಿಗೆ ಹೊದಿಸುವ ತೆಳು ಪ್ಲಾಸ್ಟಿಕ್ ಕೊಳವೆ ಹಾಕಿ. ಪೆಡಲ್‌ನ ಡಬ್ಬಿ ಅಲ್ಯೂಮಿನಿಯಂ, ಅದೂ ಗ್ರೌಂಡಿಗೆ, ಅಂದರೆ ಸಾಮಾನ್ಯವಾಗಿ ಪೂರೈಕೆಯ ಮೈನಸ್‌ಗೆ ಕೂಡಿರುತ್ತದೆ. ಕಾಲು ತಾಗಿದರೆ ದೀಪ ಸದಾ ಉರಿಯಬಹುದು ಅಥವಾ ಉರಿಯದೇ ಇರಬಹುದು, ಎಲ್ಲಿ ತಾಗಿತು ಎನ್ನುವುದರ ಮೇಲೆ.

ಹಂತ 7: ಸ್ವಿಚ್ಚಿಗೆ ಕೂಡಿಸುವುದು

ಒಂಬತ್ತು ಕಾಲಿನ ಆ ಸ್ವಿಚ್ಚಿಗೆ 3ಪಿಡಿಟಿ ಎಂದು ಹೆಸರು. ಒಂದೇ ಗುಂಡಿಯ ಕೆಳಗೆ ಒಟ್ಟಿಗೆ ಹೊರಳುವ ಮೂರು ಸ್ವಿಚ್ಚುಗಳು. ಎರಡು ಸಾಲು ಗಿಟಾರಿನ ಸಂಕೇತವನ್ನು ಸರ್ಕ್ಯೂಟಿನೊಳಕ್ಕೆ ಕಳಿಸುವುದಕ್ಕೆ ಅಥವಾ ಅದನ್ನು ಬಿಟ್ಟು ನೇರ ಹೊರಕ್ಕೆ ದಾಟಿಸುವುದಕ್ಕೆ. ಮೂರನೇ ಸಾಲು ದೀಪಕ್ಕೆ. ಪ್ಲಸ್ 9 ವೋಲ್ಟಿನಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲಿನಿಂದ ಮೂರನೇ ಸಾಲಿನ ಒಂದು ತುದಿ, ಆ ಸಾಲಿನ ನಡುವಿನ ಕಾಲು ಗ್ರೌಂಡಿಗೆ. ಪೆಡಲ್ ಆಫ್ ಮಾಡಿದಾಗ ದೀಪ ಹತ್ತಿ, ಆನ್ ಮಾಡಿದಾಗ ಆರಿದರೆ ತಂತಿಯನ್ನು ಅದೇ ಸಾಲಿನ ಇನ್ನೊಂದು ತುದಿಗೆ ಬದಲಿಸಿ.

ಸ್ವಿಚ್ ಒತ್ತಿದಾಗ ಸ್ಪೀಕರಿನಲ್ಲಿ ‘ಠಪ್’ ಎಂದರೆ ಎಲ್ಲರೂ ಮೊದಲು ದೀಪವನ್ನೇ ದೂರುತ್ತಾರೆ. ಬಹಳಷ್ಟು ಸಲ ತಪ್ಪು ದೀಪದ್ದಲ್ಲ. ಸರ್ಕ್ಯೂಟಿನ ಒಳಬರುವ ಮತ್ತು ಹೊರಹೋಗುವ ಬದಿಯ ಕೆಪಾಸಿಟರುಗಳಿಂದ ಸೋರಿದ ಡಿಸಿ ಒಟ್ಟಾಗಿದ್ದು, ಸ್ವಿಚ್ ತಾಗಿದೊಡನೆ ಒಮ್ಮೆಲೇ ಹರಿಯುತ್ತದೆ. ಎರಡೂ ಕಡೆ 1 ಮೆಗಾ ಓಮ್ ರೆಸಿಸ್ಟರನ್ನು ಗ್ರೌಂಡಿಗೆ ಹಾಕಿದರೆ ಅದು ನಿಲ್ಲುತ್ತದೆ. ಅದಾದ ಮೇಲೂ ಸದ್ದು ಉಳಿದರೆ ದೀಪದ ಸರದಿ. ಗೇನ್ ಹೆಚ್ಚಿರುವ, ಅಂದರೆ ಸಣ್ಣ ಸಂಕೇತವನ್ನು ಬಹಳ ದೊಡ್ಡದು ಮಾಡುವ ಪೆಡಲ್‌ನಲ್ಲಿ ದೀಪ ಒಮ್ಮೆಲೇ ಎಳೆಯುವ ಕರೆಂಟು ಪೂರೈಕೆಯ ವೋಲ್ಟೇಜನ್ನು ಕ್ಷಣಮಾತ್ರ ಕುಲುಕುತ್ತದೆ, ಆ ಕುಲುಕೇ ಸದ್ದಾಗಿ ಕೇಳುತ್ತದೆ. 15 ಮಿಲಿ ಆಂಪಿಯರಿನ ಕುಲುಕು ಕೇಳುವ ಕಡೆ 1 ಮಿಲಿ ಆಂಪಿಯರಿನದು ಕೇಳುವುದಿಲ್ಲ. ದೊಡ್ಡ ರೆಸಿಸ್ಟರ್ ಹಾಕಿ ಎಂದು ನಾನು ಹಟ ಹಿಡಿಯುವುದು ಇದಕ್ಕೂ ಸೇರಿ.

ಅದೂ ಸಾಲದಿದ್ದರೆ ಒಂದು ಉಪಾಯವಿದೆ. 4.7 ಕಿಲೋ ಓಮ್ ಒಂದರ ಬದಲು 2.2 ಕಿಲೋ ಓಮಿನ ಎರಡನ್ನು ಸರಣಿಯಲ್ಲಿ ಹಾಕಿ, ಅವೆರಡರ ನಡುವಿನ ಬಿಂದುವಿನಿಂದ ಗ್ರೌಂಡಿಗೆ 47 ಮೈಕ್ರೋ ಫ್ಯಾರಡ್ ಕೆಪಾಸಿಟರ್ ಕೂಡಿಸಿ. ಕೆಪಾಸಿಟರ್ 16 ವೋಲ್ಟಿನದು ಅಥವಾ ಅದಕ್ಕಿಂತ ಮೇಲಿನದಿರಲಿ, ಮೈನಸ್ ಪಟ್ಟಿಯ ಕಾಲು ಗ್ರೌಂಡಿಗೆ. ದೀಪ ಹತ್ತುವ ಗಳಿಗೆಯ ಕರೆಂಟನ್ನು ಕೆಪಾಸಿಟರೇ ಕೊಡುತ್ತದೆ, ಪೂರೈಕೆಯ ಮೇಲೆ ಹೊರೆ ಮೆಲ್ಲಗೆ ಏರುತ್ತದೆ.

ಎಡವುವ ಕೆಲವು ಜಾಗಗಳು

ಬೈಕಿನ ಅಲಂಕಾರಕ್ಕೆಂದು ತಂತಿ ಸಮೇತ ಮಾರುವ 12 ವೋಲ್ಟ್ ಎಲ್‌ಇಡಿಗಳ ಒಳಗೆ ರೆಸಿಸ್ಟರ್ ಆಗಲೇ ಇರುತ್ತದೆ. ಅದಕ್ಕೆ ನೀವು ಇನ್ನೊಂದು ಹಾಕಿದರೆ ಮಂದವಾಗುತ್ತದೆ. ಸ್ಲೀವ್ ಕೊಂಚ ಸೀಳಿ ನೋಡಿ. ತಾನೇ ಮಿನುಗುವ, ಬಣ್ಣ ಬದಲಿಸುವ ಎಲ್‌ಇಡಿಗಳನ್ನಂತೂ ಪೆಡಲ್‌ನ ಹತ್ತಿರ ಸೇರಿಸಬೇಡಿ. ಒಳಗಿರುವ ಪುಟ್ಟ ಚಿಪ್ ಕರೆಂಟನ್ನು ಬಿಟ್ಟು ಬಿಟ್ಟು ಎಳೆಯುತ್ತದೆ, ಆ ಟಿಕ್ ಟಿಕ್ ನಿಮ್ಮ ಗಿಟಾರಿನ ಜೊತೆ ಸ್ಪೀಕರಿನಲ್ಲಿ ತಾಳ ಹಾಕುತ್ತದೆ.

ಎರಡು ಎಲ್‌ಇಡಿ ಬೇಕೆನ್ನುವವರು ಒಂದೇ ರೆಸಿಸ್ಟರಿಗೆ ಎರಡನ್ನೂ ಅಕ್ಕಪಕ್ಕ ಕೂಡಿಸುತ್ತಾರೆ. ಕೆಂಪು, ನೀಲಿ ಜೋಡಿಯಾದರೆ ಕೆಂಪು ಮಾತ್ರ ಉರಿಯುತ್ತದೆ. 2 ವೋಲ್ಟಿಗೇ ಅದು ಎಲ್ಲ ಕರೆಂಟನ್ನೂ ಕುಡಿದುಬಿಡುವುದರಿಂದ ನೀಲಿಗೆ ಬೇಕಾದ 3 ವೋಲ್ಟ್ ಎಂದೂ ಸಿಗುವುದಿಲ್ಲ. ಪ್ರತಿಯೊಂದಕ್ಕೂ ಅದರದ್ದೇ ರೆಸಿಸ್ಟರ್ ಕೊಡಿ.

ಡಿಸ್ಟಾರ್ಷನ್ ಸರ್ಕ್ಯೂಟಿನ ಒಳಗೇ ಇರುವ ಎಲ್‌ಇಡಿಗಳಿಗೂ ಈ ಲೇಖನಕ್ಕೂ ಸಂಬಂಧವಿಲ್ಲ. ಅವು ಅಲೆಯ ತುದಿ ಕತ್ತರಿಸಿ ಸದ್ದನ್ನು ಒರಟಾಗಿಸಲು ಇರುವಂಥವು. ಅವುಗಳ ಸುತ್ತಲಿನ ರೆಸಿಸ್ಟರ್ ಬದಲಿಸಿದರೆ ಬೆಳಕಲ್ಲ, ಸ್ವರವೇ ಬದಲಾಗುತ್ತದೆ.

ಹಳೆಯ ಜರ್ಮೇನಿಯಂ ಪಿಎನ್‌ಪಿ ಟ್ರಾನ್ಸಿಸ್ಟರಿನ ಫಜ್ ಕಟ್ಟುತ್ತಿದ್ದರೆ ಎಚ್ಚರ: ಅಂಥ ಹಲವು ಸರ್ಕ್ಯೂಟುಗಳಲ್ಲಿ ಗ್ರೌಂಡೇ ಪ್ಲಸ್. ರೆಸಿಸ್ಟರಿನ ಲೆಕ್ಕ ಅದೇ, ಎಲ್‌ಇಡಿಯ ಕಾಲುಗಳು ಮಾತ್ರ ಅದಲುಬದಲು. ತಿರುಗುಮುರುಗಾಗಿ ಹಾಕಿದರೆ ಹತ್ತುವುದಿಲ್ಲ. ಬಹುತೇಕ ಎಲ್‌ಇಡಿಗಳು ಹಿಮ್ಮುಖವಾಗಿ ತಾಳುವುದು 5 ವೋಲ್ಟ್ ಮಾತ್ರ, ಆದ್ದರಿಂದ ಹಾಗೇ ಬಿಟ್ಟಿರಬೇಡಿ.

ಈಗಿರುವ ಪೆಡಲ್‌ನಲ್ಲಿ ಕೆಂಪು ತೆಗೆದು ನೀಲಿ ಹಾಕುವವರು ಎಲ್‌ಇಡಿಯನ್ನು ಮಾತ್ರ ಬದಲಿಸಿ ಸುಮ್ಮನಾಗುತ್ತಾರೆ. ಕೆಂಪಿಗೆಂದು ಹಾಕಿದ್ದ 1 ಅಥವಾ 2.2 ಕಿಲೋ ಓಮಿನಲ್ಲಿ ನೀಲಿ ಕಣ್ಣು ಚುಚ್ಚುತ್ತದೆ. ಹಳೆಯದನ್ನು ಕೀಳುವ ತಾಪತ್ರಯ ಬೇಡವೆಂದರೆ ಎಲ್‌ಇಡಿಯ ಒಂದು ಕಾಲಿಗೆ 10 ಕಿಲೋ ಓಮನ್ನು ಹೆಚ್ಚುವರಿಯಾಗಿ ಸರಣಿಯಲ್ಲಿ ಸೇರಿಸಿ. ಎರಡೂ ಕೂಡಿ ಲೆಕ್ಕಕ್ಕೆ ಬರುತ್ತವೆ.

ಎಲ್ಲ ಮುಗಿದ ಮೇಲೆ ಹಿಂಬದಿಯ ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿ: ಎಲ್‌ಇಡಿಯ ಬಣ್ಣ, ಅದನ್ನು ಕೊಂಡ ಅಂಗಡಿ, ರೆಸಿಸ್ಟರ್ ಎಷ್ಟು ಓಮ್, ಅಳೆದ ಕರೆಂಟ್. ಮುಂದಿನ ಪೆಡಲ್‌ಗೆ ಅದೇ ಪೊಟ್ಟಣದ ಎಲ್‌ಇಡಿ ಬಳಸುವುದಾದರೆ ನೇರವಾಗಿ 6ನೇ ಹಂತದಿಂದ ಶುರು ಮಾಡಬಹುದು.